ಮೋಟಾರ್ ನನ್ನ ಫೋನಿನಲ್ಲಿ, ಅಪ್ಪ ಪಂಪ್‌ಹೌಸ್‌ನಲ್ಲಿ

ಹೋದ ವಾರ ಜೀವಾಮೃತ ಸೋಸಿ ಡ್ರಿಪ್‌ಗೆ ಬಿಡೋದರ ಬಗ್ಗೆ ಬರೆದಿದ್ದೆ. ಈ ವಾರ ಗೊಬ್ಬರ, ಹುಳ, ರೋಗ ಯಾವುದೂ ಇಲ್ಲ. ನಮ್ಮ ಜೇಬಿನಲ್ಲಿರೋ ಫೋನು ತೋಟದ ಕೆಲಸವನ್ನು ಎಲ್ಲಿ ಹಗುರ ಮಾಡಿದೆ, ಎಲ್ಲಿ ಭಾರ ಮಾಡಿದೆ ಅನ್ನೋದನ್ನ ಬರೀತೀನಿ. ಆಫೀಸಿನಲ್ಲಿ ಕೂತು ಕೆಲಸ ಮಾಡೋರ ಒತ್ತಡ, ನೆಮ್ಮದಿ ಅಂತ ಪೇಪರ್‌ನಲ್ಲಿ ಆಗಾಗ ಓದ್ತೀವಿ. ನಮಗೆ ತೋಟವೇ ಆಫೀಸು. ಇಲ್ಲೂ ನಾಲ್ಕು ಜನ ಒಟ್ಟಿಗೆ ಕೆಲಸ ಮಾಡ್ತಾರೆ. ಇಲ್ಲೂ ಏಟಾಗುತ್ತೆ, ಬೇಜಾರಾಗುತ್ತೆ, ನಿದ್ದೆ ಕೆಡುತ್ತೆ. ಆದರೆ ಕೇಳೋಕೆ ಮೇಲೊಬ್ಬ ಅಧಿಕಾರಿ ಇಲ್ಲ, ನಾವೇ ನೋಡಿಕೊಳ್ಳಬೇಕು.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಡ್ರಿಪ್‌ಗೆ ಒಂದಿಷ್ಟು ಗ್ರೊಮೆಟ್, ಎಂಡ್‌ಕ್ಯಾಪ್ ತರೋಣ ಅಂತ ತುಮಕೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ನಿಂತಿರುವಾಗ ಫೋನಿಗೆ ಮೆಸೇಜ್ ಬಂತು, ತ್ರೀ ಫೇಸ್ ಕರೆಂಟ್ ಬಂದಿದೆ ಅಂತ. ಆವತ್ತು ಕೊಟ್ಟ ಟೈಮ್‌ಗಿಂತ ಮುಂಚೆಯೇ ಬಂದಿತ್ತು. ಒಳ್ಳೇದಾಯ್ತು, ಬಾಳೆಗೆ ನೀರು ಹೋಗಲಿ ಅಂತ ಅಲ್ಲಿಂದಲೇ ಮೋಟಾರ್ ಆನ್ ಮಾಡಿದೆ. ಮೋಟಾರ್ ಓಡ್ತಿದೆ ಅಂತ ಇನ್ನೊಂದು ಮೆಸೇಜ್ ಬಂತು. ಖುಷಿಯಿಂದ ಟೀ ಕುಡಿದೆ.

ಅರ್ಧ ಗಂಟೆಗೆ ಅಮ್ಮ ಫೋನ್ ಮಾಡಿದರು. "ಅಪ್ಪನ ಕೈಗೆ ಏಟಾಗಿದೆ, ಬೇಗ ಬಾ."

ನಡೆದದ್ದು ಇಷ್ಟು. ಕರೆಂಟ್ ಬರೋಕೆ ಇನ್ನೂ ಹೊತ್ತಿದೆಯಲ್ಲ ಅಂತ ಅಪ್ಪ ಡಿಸ್ಕ್ ಫಿಲ್ಟರ್ ತೊಳೆಯೋಕೆ ಕೂತಿದ್ದರು. ಕ್ಲ್ಯಾಂಪ್ ಬಿಚ್ಚಿ ಮುಚ್ಚಳಕ್ಕೆ ಕೈ ಹಾಕಿದ್ದಾರೆ, ನಾನು ತುಮಕೂರಿನಿಂದ ಮೋಟಾರ್ ಹಾಕಿದ್ದೀನಿ. 7.5 ಎಚ್‌ಪಿ ಮೋಟಾರಿನ ನೀರು ಮುಚ್ಚಳವನ್ನ ಎತ್ತಿ ಎಸೆದಿದೆ. ಮಣಿಕಟ್ಟಿಗೆ ಬಡಿದು ಊದಿಕೊಂಡಿತ್ತು. ಮೂಳೆ ಮುರಿದಿರಲಿಲ್ಲ. ಮುಖ ಅದರ ಮೇಲೆ ಬಗ್ಗಿದ್ದರೆ ಏನಾಗ್ತಿತ್ತು ಅಂತ ಈಗಲೂ ಯೋಚನೆ ಬರುತ್ತೆ. ಫಿಲ್ಟರ್ ಬದಲು ಸ್ಟಾರ್ಟರ್‌ನ ವೈರ್ ಬಿಗಿ ಮಾಡ್ತಿದ್ದಿದ್ದರೆ ಅನ್ನೋದು ಅದಕ್ಕಿಂತ ಕೆಟ್ಟ ಯೋಚನೆ.

ಕೈ ಊತ ಹತ್ತು ದಿನಕ್ಕೆ ಇಳಿಯಿತು. ಆದರೆ ಅಪ್ಪ ಪಂಪ್‌ಹೌಸ್ ಕಡೆ ಹೋಗೋದನ್ನೇ ಬಿಟ್ಟರು. ಕೇಳಿದರೆ, "ಅದು ನಿನ್ನ ಮೋಟಾರು ಕಣಪ್ಪ, ನಂಗೆ ಗೊತ್ತಾಗಲ್ಲ" ಅಂದರು. ಮೂವತ್ತು ವರ್ಷ ಆ ಮೋಟಾರಿನ ಸದ್ದು ಕೇಳಿಯೇ ನೀರು ಎಷ್ಟಿದೆ ಅಂತ ಹೇಳ್ತಿದ್ದ ಮನುಷ್ಯ. ಏಟಿಗಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಮೊಬೈಲ್ ಸ್ಟಾರ್ಟರ್ ಕೊಟ್ಟದ್ದೂ ಉಂಟು

ಹಾಗಂತ ಆ ಡಬ್ಬಿಯನ್ನ ಬೈಯೋದು ನ್ಯಾಯ ಅಲ್ಲ. ನಮ್ಮ ಭಾಗದಲ್ಲಿ ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಲೆಕ್ಕ, ಅದರಲ್ಲೂ ಪಾಳಿ. ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಅಪ್ಪ ಹನ್ನೊಂದಕ್ಕೆ ಒಂದ್ಸಲ, ಎರಡಕ್ಕೆ ಒಂದ್ಸಲ ಬ್ಯಾಟರಿ ಹಿಡಕೊಂಡು ತೋಟಕ್ಕೆ ಹೋಗ್ತಿದ್ದರು. ಬದುವಿನ ಮೇಲೆ ಹಾವು, ಆಚೆ ಕಡೆ ಚಿರತೆ ಓಡಾಟದ ಸುದ್ದಿ. ಅವರು ವಾಪಸ್ ಬರೋವರೆಗೆ ಅಮ್ಮನಿಗೂ ನಿದ್ದೆ ಇಲ್ಲ. ಬೆಳಗ್ಗೆ ಎಲ್ಲರ ಮುಖವೂ ಗಂಟು, ಸಣ್ಣದಕ್ಕೂ ಸಿಡುಕು.

ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿ, ಒಂದೆರಡು ಕಡೆ ಕೆಲಸ ಮಾಡಿ ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಖರ್ಚುಗಳಲ್ಲಿ ಈ ಸ್ಟಾರ್ಟರ್ ಒಂದು. ಸಿಮ್ ಹಾಕೋ ಒಂದು ಡಬ್ಬಿ, ಅದನ್ನ ಹಳೇ ಸ್ಟಾರ್ಟರ್‌ಗೆ ಜೋಡಿಸ್ತಾರೆ. ಕಾಲ್ ಮಾಡಿದರೆ ಅಥವಾ ಮೆಸೇಜ್ ಕಳಿಸಿದರೆ ಮೋಟಾರ್ ಆನ್, ಆಫ್. ಕರೆಂಟ್ ಬಂದರೆ, ಒಂದು ಫೇಸ್ ಹೋದರೆ, ಬೋರ್‌ನಲ್ಲಿ ನೀರು ನಿಂತು ಮೋಟಾರ್ ಬರಿದೇ ತಿರುಗಿದರೆ ತಿಳಿಸುತ್ತೆ, ತಾನೇ ನಿಲ್ಲಿಸುತ್ತೆ. ಬರಿದೇ ತಿರುಗೋದು ಅದಕ್ಕೆ ಹೇಗೆ ಗೊತ್ತು ಅಂದರೆ, ನೀರು ಎತ್ತದ ಮೋಟಾರು ಕಡಿಮೆ ಆಂಪ್ಸ್ ಎಳೆಯುತ್ತೆ. ಆ ಇಳಿಕೆಯನ್ನ ಅಳೆದು ಟ್ರಿಪ್ ಮಾಡುತ್ತೆ. ನನ್ನದಕ್ಕೆ ಕಾಯಿಲ್ ಸುಡೋ ಖರ್ಚು ಆಮೇಲೆ ಬಂದಿಲ್ಲ.

ಮೊದಲ ರಾತ್ರಿ ಪಾಳಿಯ ವಾರ ಅಪ್ಪ ಏಳೂ ದಿನ ಮಲಗಿದರು. ಈ ಉಪಕಾರ ದೊಡ್ಡದು.

ಹಾಗಾದರೆ ತಪ್ಪಾದದ್ದು ಎಲ್ಲಿ? ಬಿಡಿಸಿ ನೋಡಿದರೆ ಡಬ್ಬಿಯಲ್ಲಿ ಏನೂ ತೊಂದರೆ ಇರಲಿಲ್ಲ. ಅದರಲ್ಲಿ ರಿಜಿಸ್ಟರ್ ಆಗಿದ್ದದ್ದು ನನ್ನ ಒಬ್ಬನ ನಂಬರ್. ಮೆಸೇಜ್ ಬರ್ತಿದ್ದದ್ದು ನನಗೊಬ್ಬನಿಗೆ. ಸೆಟ್ಟಿಂಗ್ ಗೊತ್ತಿದ್ದದ್ದೂ ನನಗೊಬ್ಬನಿಗೆ. ಹಸಿರು ಬಟನ್ ಒತ್ತದೆ ನೀರು ಬರಲ್ಲ ಅನ್ನೋದು ಅಪ್ಪನಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ವಿಷಯ, ಅದನ್ನ ನಂಬಿಯೇ ಅವರು ಫಿಲ್ಟರ್‌ಗೆ ಕೈ ಹಾಕಿದ್ದು. ನಾನು ಡಬ್ಬಿ ಹಾಕಿಸಿದ ದಿನ ಆ ನಂಬಿಕೆ ಸುಳ್ಳಾಯಿತು. ಸುಳ್ಳಾಗಿದೆ ಅಂತ ನಾನು ಕೂರಿಸಿಕೊಂಡು ಹೇಳಿರಲಿಲ್ಲ.

ಆಮೇಲೆ ನನಗೆ ಕಂಡದ್ದು ಇದು. ತೋಟದಲ್ಲಿ ಫೋನಿನ ಕೆಲಸ ಒಬ್ಬನಿಗೆ ಮಾತ್ರ ಬಂದರೆ ಇಬ್ಬರೂ ಕೆಡ್ತಾರೆ. ಗೊತ್ತಿರೋನು ಇಪ್ಪತ್ನಾಲ್ಕು ಗಂಟೆ ಡ್ಯೂಟಿಯ ಆಪರೇಟರ್ ಆಗ್ತಾನೆ. ಗೊತ್ತಿಲ್ಲದವರು ತಮ್ಮ ಜಾಗದಲ್ಲೇ ನೆಂಟರ ಹಾಗೆ ನಿಲ್ತಾರೆ.

ಬೀಗ ಮತ್ತು ಮೂರು ನಂಬರ್

ನನ್ನ ಭಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸದಲ್ಲಿದ್ದಾರೆ. ಅಪ್ಪನನ್ನ ನೋಡೋಕೆ ಬಂದವರು ನನಗೆ ಚೆನ್ನಾಗಿ ಬೈದರು. ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇದೆಯಂತೆ. ಮೆಷಿನ್‌ಗೆ ಕೈ ಹಾಕೋ ಮೊದಲು ಮೇನ್ ಸ್ವಿಚ್ ಇಳಿಸಿ, ಅದಕ್ಕೆ ತನ್ನದೇ ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮಾಡ್ತಿದ್ದೀನಿ ಅಂತ ಒಂದು ಚೀಟಿಯನ್ನೂ ನೇತು ಹಾಕಬೇಕು. ಮ್ಯಾನೇಜರ್ ಬಂದರೂ ಆ ಬೀಗ ತೆಗೆಯೋ ಹಾಗಿಲ್ಲ, ಹಾಕಿದವನೇ ತೆಗೆಯಬೇಕು. "ದೂರದಿಂದ ಮೋಟಾರ್ ಹಾಕೋ ವ್ಯವಸ್ಥೆ ಮಾಡಿಕೊಂಡಿದ್ದೀಯ ಅಂದ್ಮೇಲೆ ನಿಂದೂ ಕಾರ್ಖಾನೆನೇ" ಅಂದರು.

ಈಗ ನಮ್ಮ ಪಂಪ್‌ಹೌಸ್‌ನಲ್ಲಿ ಹೀಗೆ ಮಾಡಿದ್ದೀವಿ. ನೀವೂ ಮೊಬೈಲ್ ಸ್ಟಾರ್ಟರ್ ಅಥವಾ ಆಟೋ ಸ್ಟಾರ್ಟರ್ ಹಾಕಿಸಿದ್ದರೆ ಇವತ್ತೇ ಒಂದ್ಸಲ ನೋಡಿ.

ಸ್ಟಾರ್ಟರ್‌ಗೆ ಬರೋ ಮೊದಲು ಇರೋ ಕಬ್ಬಿಣದ ಮೇನ್ ಸ್ವಿಚ್‌ನ ಹಿಡಿ ಇಳಿಸಿ ಬೀಗ ಹಾಕೋಕೆ ಸಾಮಾನ್ಯವಾಗಿ ತೂತು ಇರುತ್ತೆ. ಅಲ್ಲಿಗೆ ಒಂದು ಸಣ್ಣ ಬೀಗ, ಒಂದೇ ಕೀ, ಅದು ಅಲ್ಲೇ ಮೊಳೆಗೆ ನೇತಾಡುತ್ತೆ. ಫಿಲ್ಟರ್, ಗೇಟ್‌ವಾಲ್, ವೈರ್, ಪೈಪ್ ಯಾವುದಕ್ಕೇ ಕೈ ಹಾಕೋದಾದರೂ ಮೊದಲು ಹಿಡಿ ಇಳಿಸಿ, ಬೀಗ ಹಾಕಿ, ಕೀ ಜೇಬಿಗೆ. ಕರೆಂಟ್ ಇಲ್ಲ ಅಂತ ಈ ಕೆಲಸ ಬಿಡೋ ಹಾಗಿಲ್ಲ. ಕರೆಂಟ್ ಇಲ್ಲದಾಗಲೇ ನಾವು ಮೈಮರೆಯೋದು. ಫೋನಿನಲ್ಲಿ ಆಫ್ ಮಾಡಿದ್ದೀನಿ ಅನ್ನೋದನ್ನ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಇನ್ನೊಬ್ಬರು ಆನ್ ಮಾಡಬಹುದು, ಆಟೋ ಮೋಡ್‌ನಲ್ಲಿದ್ದರೆ ಕರೆಂಟ್ ಬಂದ ತಕ್ಷಣ ಅದೇ ಆನ್ ಆಗಬಹುದು. ನಿಮ್ಮ ಮೇನ್ ಸ್ವಿಚ್‌ಗೆ ಬೀಗ ಹಾಕೋಕೆ ಜಾಗ ಇಲ್ಲದಿದ್ದರೆ ಹಿಡಿ ಇಳಿಸಿದ ಮೇಲೆ ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಒಳಗಿನ ವೈರಿಂಗ್ ಕೆಲಸ ಏನೇ ಇದ್ದರೂ ಎಲೆಕ್ಟ್ರಿಷಿಯನ್‌ನ ಕರೆಸಿ.

ಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೀವಿ: "ಎಚ್ಚರ, ಮೋಟಾರ್ ತಾನಾಗಿ ಸ್ಟಾರ್ಟ್ ಆಗುತ್ತೆ". ಕೆಲಸಕ್ಕೆ ಬರೋರಲ್ಲಿ ಓದೋಕೆ ಬಾರದವರೂ ಇದ್ದಾರೆ, ಅವರಿಗೆ ಬಾಯಲ್ಲಿ ಹೇಳಿದ್ದೀವಿ. ಮಕ್ಕಳಿಗೂ.

ಆಟೋ ಮೋಡ್ ಬಗ್ಗೆ ಇನ್ನೊಂದು ಮಾತು. ಒಂದು ಟಿ.ಸಿ.ಗೆ ಸೇರಿದ ಎಲ್ಲರೂ ಆಟೋ ಇಟ್ಟುಕೊಂಡರೆ ಕರೆಂಟ್ ಬಂದ ಕ್ಷಣ ಎಲ್ಲ ಮೋಟಾರೂ ಒಟ್ಟಿಗೆ ಏಳುತ್ತವೆ. ಶುರುವಾಗುವಾಗ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಫ್ಯೂಸ್ ಹಾರೋದು, ಟಿ.ಸಿ. ಸುಡೋದು ಹೀಗೇ. ಟಿ.ಸಿ. ಸುಟ್ಟರೆ ಬದಲಾಗಿ ಬರೋವರೆಗೆ ಎಲ್ಲರ ಬೆಳೆಯೂ ಒಣಗುತ್ತೆ. ನಿಮ್ಮ ಸ್ಟಾರ್ಟರ್‌ನಲ್ಲಿ ತಡವಾಗಿ ಶುರುವಾಗೋ ಟೈಮರ್ ಇದ್ದರೆ ಪಕ್ಕದ ತೋಟದವರ ಜೊತೆ ಮಾತಾಡಿಕೊಂಡು ಬೇರೆ ಬೇರೆ ನಿಮಿಷಕ್ಕೆ ಇಡಿ. ನಾನಂತೂ ಆಟೋ ತೆಗೆದೇ ಹಾಕಿದ್ದೀನಿ.

ಇನ್ನು ನಂಬರ್ ವಿಷಯ. ಈ ಸ್ಟಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ನಂಬರ್ ಸೇರಿಸಬಹುದು. ನಮ್ಮದರಲ್ಲಿ ಈಗ ಅಪ್ಪನದು, ಅಮ್ಮನದು, ನನ್ನದು. ಅಪ್ಪನದು ಕೀಪ್ಯಾಡ್ ಫೋನು. ಕಾಲ್ ಮಾಡಿದರೆ ಆನ್ ಆಗೋ ಸ್ಟಾರ್ಟರ್‌ಗೆ ಸ್ಮಾರ್ಟ್‌ಫೋನ್ ಬೇಕಾಗೇ ಇಲ್ಲ, ಇದು ನನಗೆ ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ! ಅಪ್ಪನ ಫೋನಿನಲ್ಲಿ ಸ್ಪೀಡ್ ಡಯಲ್ 2ಕ್ಕೆ ಮೋಟಾರ್ ಹಾಕಿಕೊಟ್ಟೆ. 2 ಒತ್ತಿ ಹಿಡಿದರೆ ಸಾಕು. ಜೊತೆಗೆ ಒಂದು ನಿಯಮ ಮಾಡಿಕೊಂಡಿದ್ದೀವಿ. ಯಾರೇ ಆನ್ ಮಾಡೋದಾದರೂ ಮೊದಲು ಮನೆಗೆ ಒಂದು ಕಾಲ್, ತೋಟದಲ್ಲಿ ಯಾರಿದ್ದಾರೆ ಅಂತ ಕೇಳೋದು. ಹತ್ತು ಸೆಕೆಂಡಿನ ಕೆಲಸ.

ಕಲಿಸೋದು ಸುಲಭ ಆಗಲಿಲ್ಲ. ಮೊದಲೆರಡು ದಿನ ನಾನು ಫೋನ್ ಅವರ ಕೈಯಿಂದ ಕಿತ್ತುಕೊಂಡು "ಹೀಗಪ್ಪಾ, ಹೀಗೆ" ಅಂತ ನಾನೇ ಒತ್ತಿ ತೋರಿಸ್ತಿದ್ದೆ. ಅವರು ತಲೆ ಆಡಿಸಿ ಸುಮ್ಮನಾಗ್ತಿದ್ದರು. ಮೂರನೇ ದಿನ ಅಮ್ಮ ಹೇಳಿದರು, "ಫೋನು ಅವರ ಕೈಲೇ ಇರಲಿ, ನೀನು ಕೈ ಕಟ್ಟಿಕೊಂಡು ಹೇಳು." ಹಾಗೆ ಮಾಡಿದ ಮೇಲೆ ಅರ್ಧ ದಿನದಲ್ಲಿ ಕಲಿತರು. ನಿಮ್ಮ ಮನೆಯಲ್ಲಿ ಹಿರಿಯರಿಗೆ ಏನಾದರೂ ಕಲಿಸೋದಿದ್ದರೆ ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಕೂಲಿ ಯಾರ ಫೋನಿಗೆ?

ಎರಡನೇ ಪಾಠ ಕಲಿಸಿದ್ದು ನಮ್ಮ ತೋಟಕ್ಕೆ ಕಳೆ ತೆಗೆಯೋಕೆ ಬರೋ ಅಕ್ಕ. ನಾಲ್ಕು ಜನ ಹೆಣ್ಣಾಳುಗಳಲ್ಲಿ ಅವರೇ ಹಿರಿಯರು, ಉಳಿದವರನ್ನ ಕರಕೊಂಡು ಬರೋದೂ ಅವರೇ. ಚಿಲ್ಲರೆ ಹುಡುಕೋ ತಾಪತ್ರಯ ಯಾಕೆ ಅಂತ ನಾನು ಕೂಲಿಯನ್ನ ಫೋನಿನಲ್ಲಿ ಹಾಕೋಕೆ ಶುರು ಮಾಡಿದೆ. ಅಕ್ಕನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಹಾಗಾಗಿ ಮಗನ ನಂಬರ್‌ಗೆ. ನನಗೆ ಲೆಕ್ಕ ಸುಲಭ ಆಯ್ತು, ತಿಂಗಳ ಕೊನೆಗೆ ಹಿಸ್ಟರಿ ತೆಗೆದರೆ ಎಲ್ಲ ಅಲ್ಲೇ ಇದೆ. ಬುದ್ಧಿವಂತ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಒಂದೂವರೆ ತಿಂಗಳಾದ ಮೇಲೆ ಅಕ್ಕ ಬರೋದು ಕಡಿಮೆ ಮಾಡಿದರು. ಪಕ್ಕದೂರಿನ ಅಡಿಕೆ ತೋಟಕ್ಕೆ ಹೋಗ್ತಿದ್ದಾರೆ ಅಂತ ಗೊತ್ತಾಯ್ತು. ಅಲ್ಲಿ ಕೂಲಿ ನಮ್ಮದಕ್ಕಿಂತ ಹೆಚ್ಚೇನೂ ಇರಲಿಲ್ಲ. ಒಂದಿನ ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಮೊದಲು ಏನೋ ನೆಪ ಹೇಳಿದರು. ಆಮೇಲೆ ಹೇಳಿದರು: "ಬಿಸಿಲಲ್ಲಿ ಬಗ್ಗಿದ್ದು ನಾನು ಅಣ್ಣಯ್ಯ, ಟಣ್ ಅಂದಿದ್ದು ಅವನ ಫೋನು. ಸಂತೇಲಿ ಒಂದು ಸೊಪ್ಪು ತಗಳಕ್ಕೂ ಅವನ ಕೈ ನೋಡ್ಬೇಕು."

ದುಡ್ಡು ಪೂರ್ತಿ ಹೋಗಿದೆ, ಮೋಸ ಇಲ್ಲ, ದಾಖಲೆ ಇದೆ. ಆದರೂ ಆರು ವಾರ ಅವರ ಕೂಲಿ ಅವರ ಕೈಗೆ ಸೇರಿರಲಿಲ್ಲ. ನನಗೆ ಅನುಕೂಲ ಆಗಿದ್ದನ್ನ ಎಲ್ಲರಿಗೂ ಅನುಕೂಲ ಅಂದುಕೊಂಡಿದ್ದೆ.

ಇಲ್ಲಿ ತಿಳಿದಿರಬೇಕಾದ ಒಂದೆರಡು ವಿಷಯ ಇದೆ. ಒಬ್ಬರಿಗೆ ದುಡ್ಡು ಕಳಿಸೋಕೆ ಅವರ ಹತ್ತಿರ ಸ್ಮಾರ್ಟ್‌ಫೋನ್ ಇರಬೇಕು ಅಂತಿಲ್ಲ. ಪಾಸ್‌ಬುಕ್‌ನಲ್ಲಿರೋ ಅಕೌಂಟ್ ನಂಬರ್, ಐಎಫ್‌ಎಸ್‌ಸಿ ಕೋಡ್ ಹಾಕಿ ನಮ್ಮ ಫೋನಿನಿಂದಲೇ ಅವರ ಖಾತೆಗೆ ನೇರ ಹಾಕಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ಅವರು ಊರಿಗೆ ಬರೋ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆರಳು ಒತ್ತಿ ತೆಗೆದುಕೊಳ್ಳಬಹುದು. ಕೀಪ್ಯಾಡ್ ಫೋನ್ ಇರೋರು ದುಡ್ಡು ಕಳಿಸೋಕೂ ದಾರಿ ಇದೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ಅನ್ನೋದನ್ನ ಜಾರಿಗೆ ತಂದಿತು, ಇಂಟರ್ನೆಟ್ ಇಲ್ಲದೆ ಕಾಲ್ ಮಾಡಿ ನಡೆಸೋ ವ್ಯವಸ್ಥೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಯೋಚನೆ ಮಾಡಿ, ಅರ್ಧ ಕೈಗೆ ಕೊಡು, ಅರ್ಧ ನನ್ನ ಪಾಸ್‌ಬುಕ್‌ಗೆ ಹಾಕು ಅಂದರು. ಉಳಿದ ಮೂವರಲ್ಲಿ ಒಬ್ಬರಿಗೆ ತಮ್ಮದೇ ಫೋನಿದೆ, ಅವರಿಗೆ ಫೋನಿಗೇ ಬೇಕು. ಇಬ್ಬರಿಗೆ ಪೂರ್ತಿ ನಗದು. ಶನಿವಾರ ಸಂಜೆ ನಾನು ಎಟಿಎಂಗೆ ಹೋಗಿ ಬರ್ತೀನಿ, ಚಿಲ್ಲರೆ ಜೋಡಿಸ್ತೀನಿ. ಹೌದು, ರೇಜಿಗೆಯ ಕೆಲಸವೇ. ಆದರೆ ಕೂಲಿ ಹೇಗೆ ಬೇಕು ಅಂತ ದುಡಿದವರನ್ನ ಕೇಳಬೇಕು, ಫೋನನ್ನಲ್ಲ. ಲೆಕ್ಕ ಒಂದು ನೋಟ್‌ಬುಕ್‌ನಲ್ಲಿ ಬರೆದು ಅವರ ಎದುರಿಗೇ ಓದ್ತೀನಿ.

ಅಂದ ಹಾಗೆ ಇನ್ನೊಂದು. ನಾನು ಗಿರಾಕಿಗಳ ಗುಂಪಿಗೆ ಹಾಕೋಕೆ ತೋಟದ ಫೋಟೊ ತೆಗೀತಿದ್ದೆ, ಬಗ್ಗಿ ಕಳೆ ತೆಗೀತಿರೋ ಹೆಂಗಸರ ಫೋಟೊ ಕೂಡ. ಕೇಳಿರಲಿಲ್ಲ. ಈಗ ಕೇಳ್ತೀನಿ, ಬೇಡ ಅಂದರೆ ತೆಗೆಯಲ್ಲ.

ರಾತ್ರಿ ಹತ್ತೂವರೆಯ ಹುಳ

ಇನ್ನು ನನ್ನದೇ ಕಥೆ. ನಾನು ವಾರಕ್ಕೆರಡು ಸಲ ಬೆಂಗಳೂರಿನ ಒಂದಿಷ್ಟು ಮನೆಗಳಿಗೆ ಸೊಪ್ಪು, ತರಕಾರಿ, ಬಾಳೆ ಕಳಿಸ್ತೀನಿ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲಿ. ಇದರಿಂದ ನನಗೆ ಸಿಗೋ ಬೆಲೆ ಮಂಡಿಯಲ್ಲಿ ಸಿಗಲ್ಲ. ಫೋನು ಇಲ್ಲದಿದ್ದರೆ ನನ್ನ ಸಾವಯವ ಕೃಷಿ ಇಷ್ಟು ದಿನ ನಿಲ್ತಿರಲಿಲ್ಲ. ಆದರೆ ಮೊದಲ ಎರಡು ವರ್ಷ ಹೇಗಿತ್ತು ಅಂದರೆ, ರಾತ್ರಿ ಹತ್ತೂವರೆಗೆ ಒಂದು ಫೋಟೊ ಬರುತ್ತೆ, ಹೂಕೋಸಿನಲ್ಲಿ ಹುಳ. ಗುಂಪಿನಲ್ಲಿ ಇನ್ನೊಬ್ಬರು, ನಮಗೂ ಬಂತು ಅಂತಾರೆ. ಉತ್ತರ ಕೊಡದಿದ್ದರೆ ಗಿರಾಕಿ ಹೋಗ್ತಾರೆ ಅಂತ ಹಾಸಿಗೆಯಲ್ಲೇ ಟೈಪ್ ಮಾಡ್ತಾ ಕೂರ್ತಿದ್ದೆ. ಅದು ಮುಗಿದ ಮೇಲೆ ಕೈ ತಾನಾಗಿ ರೇಟ್ ನೋಡೋ ಗುಂಪಿಗೆ ಹೋಗುತ್ತೆ. ಅಲ್ಲಿ ಯಾರೋ ಟೊಮೆಟೊ ದುಬಾರಿ ಬೆಲೆಗೆ ಮಾರಿದ ಚೀಟಿ ಹಾಕಿರ್ತಾರೆ. ನಾನು ಬೆಳಗ್ಗೆ ಮಿಕ್ಕಿದ್ದನ್ನ ಅದರ ಅರ್ಧಕ್ಕೆ ಮಂಡಿಗೆ ಹಾಕಿರ್ತೀನಿ. ಮಗ್ಗುಲು ಬದಲಿಸೋದು, ಮತ್ತೆ ಫೋನ್ ನೋಡೋದು. ಐದಕ್ಕೆ ಎದ್ದು ಸೊಪ್ಪು ಕೊಯ್ಯಬೇಕು. ಹೆಂಡತಿ ಒಂದಿನ, "ರಾತ್ರಿ ಪಾಳಿ ಮಾವಂದು ತಪ್ಪಿತು, ನಿಮಗೆ ಬಂತು" ಅಂದಳು. ಸರಿಯಾಗೇ ಹೇಳಿದ್ದಳು.

ಫೋನ್ ದೂರ ಇಡಿ ಅಂತ ಬುದ್ಧಿ ಹೇಳೋದು ಸುಲಭ. ವ್ಯಾಪಾರ ಅದರಲ್ಲೇ ಇರುವಾಗ, ಮೋಟಾರ್ ಮೆಸೇಜ್ ಅದಕ್ಕೇ ಬರುವಾಗ ದೂರ ಇಡೋದು ಹೇಗೆ? ನನಗೆ ಉಪಯೋಗ ಆದದ್ದು ಎರಡು ಮೂರು ಸೆಟ್ಟಿಂಗ್, ಅಷ್ಟೆ.

ಮಾಮೂಲಿ ವಾಟ್ಸಾಪ್ ಬದಲು ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡೆ, ಅದು ಪುಕ್ಕಟೆಯೇ. ಅದರಲ್ಲಿ ಕೆಲಸದ ಸಮಯ ಹಾಕಿ, ಆ ಸಮಯದ ಆಚೆ ಮೆಸೇಜ್ ಬಂದರೆ ತಾನಾಗಿ ಹೋಗೋ ಉತ್ತರ ಬರೆದಿಡಬಹುದು. ನಾನು ಬರೆದಿರೋದು: "ನಮಸ್ಕಾರ. ಸಂಜೆ ಏಳರ ಮೇಲೆ ನಾನು ಫೋನ್ ನೋಡೋದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಖಂಡಿತ ಉತ್ತರಿಸುತ್ತೇನೆ." ಮತ್ತೆ ಮತ್ತೆ ಕೇಳೋ ಪ್ರಶ್ನೆಗಳಿಗೆ ಸಿದ್ಧ ಉತ್ತರ ಉಳಿಸಿಡೋಕೂ ಬರುತ್ತೆ. ಹೂಕೋಸನ್ನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಡಿ ಅಂತ ದಿನಕ್ಕೆ ಆರು ಸಲ ಟೈಪ್ ಮಾಡೋದು ತಪ್ಪಿತು. ಗುಂಪಿನಲ್ಲಿ ಎಲ್ಲರೂ ಬರೆಯೋದನ್ನ ನಿಲ್ಲಿಸಿ, ಅಡ್ಮಿನ್ ಮಾತ್ರ ಬರೆಯೋ ಹಾಗೆ ಮಾಡಿದೆ. ದೂರು ಇದ್ದರೆ ನೇರ ನನಗೆ. ಗಿರಾಕಿಗಳು ಹೋಗ್ತಾರೆ ಅಂತ ಹೆದರಿದ್ದೆ. ಒಬ್ಬರು ಹೋದರು.

ಎರಡನೇದು, ಫೋನಿನಲ್ಲಿರೋ ಡು ನಾಟ್ ಡಿಸ್ಟರ್ಬ್. ರಾತ್ರಿ ಒಂಬತ್ತರಿಂದ ಬೆಳಗ್ಗೆ ಐದರವರೆಗೆ ತಾನಾಗಿ ಆನ್ ಆಗೋ ಹಾಗೆ ಇಟ್ಟಿದ್ದೀನಿ. ಇದರಲ್ಲಿ ಬಹಳ ಜನ ಬಿಡೋ ಭಾಗ ಅಂದರೆ ವಿನಾಯಿತಿ. ಕಾಂಟ್ಯಾಕ್ಟ್‌ನಲ್ಲಿ ಕೆಲವು ನಂಬರ್‌ಗೆ ಸ್ಟಾರ್ ಹಾಕಿ, ಸ್ಟಾರ್ ಇರೋರ ಕಾಲ್ ಮತ್ತು ಮೆಸೇಜ್ ಮಾತ್ರ ಸದ್ದು ಮಾಡಲಿ ಅಂತ ಇಡಬಹುದು. ನಾನು ಸ್ಟಾರ್ ಹಾಕಿರೋದು ಮನೆಯವರು, ಪಕ್ಕದ ತೋಟದವರು, ಭಾವ, ಮತ್ತು ಸ್ಟಾರ್ಟರ್‌ನ ಸಿಮ್ ನಂಬರ್. ಮೋಟಾರ್ ಟ್ರಿಪ್ ಆದರೆ ಸದ್ದಾಗುತ್ತೆ, ಹೂಕೋಸಿನ ಹುಳಕ್ಕೆ ಆಗಲ್ಲ. ರಾತ್ರಿ ಪಾಳಿಯಲ್ಲಿ ಸ್ಟಾರ್ಟರ್ ನೋಡಿಕೊಳ್ಳೋದನ್ನೂ ಅಪ್ಪ, ನಾನು ದಿನ ಬಿಟ್ಟು ದಿನ ಹಂಚಿಕೊಂಡಿದ್ದೀವಿ. ಅವರ ದಿನ ನಾನು ಆ ಸ್ಟಾರನ್ನೂ ತೆಗೆದಿಡ್ತೀನಿ.

ಮೂರನೇದು ರೇಟ್ ನೋಡೋದು. ಇದಕ್ಕೆ ಸೆಟ್ಟಿಂಗ್ ಇಲ್ಲ, ಓದೋಕೆ ಬರಬೇಕು. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಾಗಲಿ, ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಾಗಲಿ ಒಂದು ಮಾರುಕಟ್ಟೆಯ ಒಂದು ಬೆಳೆಗೆ ಮೂರು ಬೆಲೆ ಇರುತ್ತೆ. ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಅಂದರೆ ಆವತ್ತು ಹೆಚ್ಚು ಮಾಲು ಮಾರಾಟವಾದ ಬೆಲೆ. ಉದಾಹರಣೆಗೆ ಟೊಮೆಟೊ ಬಾಕ್ಸ್‌ಗೆ ಕನಿಷ್ಠ 150, ಗರಿಷ್ಠ 480, ಮಾದರಿ 260 ಅಂತ ಇಟ್ಟುಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ತಿರುಗಾಡೋ ಚೀಟಿ ಯಾವಾಗಲೂ ಆ 480ರದ್ದು. 150ಕ್ಕೆ ಮಾರಿದವನು ಚೀಟಿ ಹಾಕಲ್ಲ, ಹರಿದು ಬಿಸಾಡ್ತಾನೆ. ನೀವು 250ಕ್ಕೆ ಮಾರಿ ಮನೆಗೆ ಬಂದು 480 ನೋಡಿದರೆ ಮೋಸ ಹೋದೆ ಅನ್ನಿಸುತ್ತೆ. ಮಾದರಿ ಬೆಲೆ ನೋಡಿದರೆ ಊರಿನ ಎಲ್ಲರ ಹಾಗೆಯೇ ಮಾರಿದ್ದೀನಿ ಅಂತ ತಿಳಿಯುತ್ತೆ. ಮಾದರಿಗಿಂತ ತುಂಬ ಕೆಳಗೆ ನಾಲ್ಕೈದು ಸಲ ಹೋದರೆ ಆಗ ಯೋಚನೆ ಮಾಡಿ. ಗ್ರೇಡಿಂಗ್ ಸರಿ ಇಲ್ಲವಾ, ಮಂಡಿ ಬದಲಿಸಬೇಕಾ ಅಂತ. ನಾನು ಈಗ ದಿನಕ್ಕೊಂದು ಸಲ, ಮಧ್ಯಾಹ್ನ ಊಟ ಆದ ಮೇಲೆ ನೋಡ್ತೀನಿ. ರಾತ್ರಿ ನೋಡಿದರೆ ಮಾಡೋಕೆ ಏನೂ ಇರಲ್ಲ, ಕೊರಗೋದು ಬಿಟ್ಟು.

ರಾತ್ರಿಯೂ ಹಗಲೂ ಸದ್ದು ಬಿಟ್ಟಿರಬೇಕಾದ ಆ್ಯಪ್ ಅಂದರೆ ದಾಮಿನಿ, ಸಿಡಿಲಿನ ಎಚ್ಚರಿಕೆ ಕೊಡೋದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿರೋದು. ಲೊಕೇಶನ್ ಆನ್ ಇದ್ದರೆ ಮಾತ್ರ ನೀವಿರೋ ಜಾಗಕ್ಕೆ ಹೇಳುತ್ತೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆಯಲ್ಲಿ ತೋಟದಲ್ಲಿರೋರಿಗೆ ಇದು ಬೇಕೇ ಬೇಕು. ಎಚ್ಚರಿಕೆ ಬಂದ ಮೇಲೆ ತೆಂಗಿನ ಮರದ ಕೆಳಗೆ ನಿಲ್ಲಬೇಡಿ, ಮನೆ ಸೇರಿ. ಆ್ಯಪ್ ಇರೋನು ತಾನೊಬ್ಬನೇ ಓಡಿ ಬಂದರೆ ಸಾಲದು, ಕೆಲಸದವರನ್ನೂ ಕರಕೊಂಡು ಬರಬೇಕು. ಅರ್ಧ ದಿನದ ಕೂಲಿ ಹಿಡಿಯೋಕೂ ಹೋಗಬೇಡಿ.

ಊರಿನ ಓಟಿಪಿ

ಓದಿಕೊಂಡು ಊರಿಗೆ ಬಂದ ಹುಡುಗರೆಲ್ಲರ ಪಾಡು ಇದು, ಬೇಗ ಹೇಳಿ ಮುಗಿಸ್ತೀನಿ. ಪಿಎಂ ಕಿಸಾನ್ ಇ-ಕೆವೈಸಿ, ಫ್ರೂಟ್ಸ್ ಐಡಿ, 2020ರಿಂದ ರೈತರೇ ಫೋಟೊ ತೆಗೆದು ಹಾಕೋ ಬೆಳೆ ಸಮೀಕ್ಷೆ. ಇಡೀ ಬೀದಿಯವರು ನಮ್ಮ ಮನೆ ಜಗಲಿಗೆ. ಇಲ್ಲ ಅನ್ನೋಕೆ ಆಗಲ್ಲ, ಅವರ ಹೊಲದಲ್ಲೇ ಆಡಿ ಬೆಳೆದವರು ನಾವು. ಆದರೆ ಒಂದು ಹಂತದಲ್ಲಿ ನನ್ನ ಬೆಳಗಿನ ಕೆಲಸವೇ ನಿಂತಿತು. ಅದಕ್ಕಿಂತ ಕೆಟ್ಟದ್ದು, ಎಲ್ಲರೂ ನನಗೆ ಕೇಳದೆಯೇ ಓಟಿಪಿ ಹೇಳೋ ಅಭ್ಯಾಸ ಆಯ್ತು. ಇವತ್ತು ನನಗೆ ಹೇಳೋರು ನಾಳೆ ಫೋನ್ ಮಾಡಿದ ಕಳ್ಳನಿಗೂ ಹೇಳ್ತಾರೆ.

ಈಗ ಭಾನುವಾರ ಸಂಜೆ ಅರಳಿಕಟ್ಟೆಯಲ್ಲಿ ಕೂರ್ತೀವಿ, ನನ್ನ ಜೊತೆ ಇನ್ನಿಬ್ಬರು ಹುಡುಗರು. ಫೋನು ಅವರ ಕೈಯಲ್ಲೇ, ನಾವು ಬಾಯಲ್ಲಿ ಹೇಳೋದು. ಓಟಿಪಿ ಬಂದರೆ ಅವರೇ ಹಾಕಬೇಕು, ಜೋರಾಗಿ ಓದೋ ಹಾಗಿಲ್ಲ. ಬೆರಳಚ್ಚು ಬೇಕಾದ ಕೆಲಸಕ್ಕೆ ಗ್ರಾಮ ಒನ್ ಕೇಂದ್ರಕ್ಕೆ ಕಳಿಸ್ತೀವಿ. ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಬೇಡಿ, ಅದು ಫೋನನ್ನೇ ಕಳ್ಳರ ಕೈಗೆ ಕೊಡುತ್ತೆ ಅಂತ ಪ್ರತಿ ವಾರ ಹೇಳ್ತೀವಿ. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ. ಯಾರದ್ದಾದರೂ ದುಡ್ಡು ಹೋದರೆ ನಾಚಿಕೆ ಪಟ್ಟುಕೊಂಡು ಕೂರದೆ ತಕ್ಷಣ 1930ಕ್ಕೆ ಕಾಲ್ ಮಾಡಬೇಕು. ಬೇಗ ಹೇಳಿದಷ್ಟೂ ದುಡ್ಡನ್ನ ಮಧ್ಯದಲ್ಲೇ ತಡೆಯೋ ಸಾಧ್ಯತೆ ಹೆಚ್ಚು. ಬೆಳೆಗೆ ರೋಗ ಬಂದರೆ ಪ್ರತಿ ಎಲೆಯ ಫೋಟೊ ನನಗೇ ಕಳಿಸಬೇಡಿ, ಕಿಸಾನ್ ಕಾಲ್ ಸೆಂಟರ್ 1800-180-1551 ಇದೆ, ಕನ್ನಡದಲ್ಲೇ ಮಾತಾಡ್ತಾರೆ ಅಂತಲೂ ಹೇಳಿದ್ದೀನಿ. ಆದರೂ ಫೋಟೊ ಬರುತ್ತೆ, ಬೆಳಗ್ಗೆ ಒಂಬತ್ತರ ಮೇಲೆ ನೋಡ್ತೀನಿ.

ಅಪ್ಪ ಈಗ ಪಂಪ್‌ಹೌಸ್‌ಗೆ ಹೋಗ್ತಾರೆ. ಬೀಗದ ಕೀಯನ್ನ ಉಡಿದಾರಕ್ಕೆ ಕಟ್ಟಿಕೊಂಡು ಫಿಲ್ಟರ್ ತೊಳೀತಾರೆ. ಮೊನ್ನೆ ನಾನು ಹೊಲದಲ್ಲಿದ್ದಾಗ ಫೋನ್ ಮಾಡಿ, "ಮೋಟಾರ್ ಸಿಮ್‌ಗೆ ರೀಚಾರ್ಜ್ ನಾಡಿದ್ದು ಮುಗಿಯುತ್ತಂತೆ, ಮೆಸೇಜ್ ಬಂದಿದೆ, ನೋಡ್ಕೊಂಡಿಲ್ವಾ?" ಅಂತ ಗದರಿದರು. ನಾನು ನಿಜಕ್ಕೂ ನೋಡಿರಲಿಲ್ಲ.

ಮುಂದಿನ ವಾರ ಆ ಡಿಸ್ಕ್ ಫಿಲ್ಟರನ್ನ ಎಷ್ಟು ದಿನಕ್ಕೊಮ್ಮೆ, ಹೇಗೆ ತೊಳೆಯಬೇಕು ಅಂತ ಬರೀತೀನಿ. ಅಷ್ಟರೊಳಗೆ ಒಂದು ಬೀಗ ತಂದಿಟ್ಟುಕೊಂಡಿರಿ.